ಗಿಟ್ಟಿ ಬೆಳ್ಳಗಾದ ಜಾಗ

“ಸಾಹೇಬ್ರ, ಅಲ್ಲೇ ಮತ್ತ ಗಿಟ್ಟಿ ಬೆಳ್ಳಗ ಆಗ್ಯದ ನೋಡ್ರಿ.”

ದಿನಾ ಹಳಿಯ ಮೇಲೆ ನಡೆದು ತಪಾಸಣೆ ಮಾಡುವ ಕೀಮನ್ ಕಾಕಾ ಬೆಳಿಗ್ಗೆ ಎಂಟರ ಸುಮಾರಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ. ಎಲ್ಲಿ ಎಂದು ನಾನು ಕೇಳಲಿಲ್ಲ. ಆ ಮಳೆಗಾಲದಲ್ಲಿ ಅದು ಮೂರನೆಯ ಸಲ. ಹದಿನೈದು ದಿನದ ಹಿಂದೆ ಅದೇ ತಿರುವಿನಲ್ಲಿ ಹಳಿ ಕೆಲಸದ ಇಡೀ ಗ್ಯಾಂಗನ್ನು ಹಚ್ಚಿ ಪ್ಯಾಕಿಂಗ್, ಅಂದರೆ ಹಳಿಯ ಕೆಳಗೆ ಜಲ್ಲಿ ಬಡಿದು ಗಟ್ಟಿ ಮಾಡುವ ಕೆಲಸ, ಮಾಡಿಸಿದ್ದೆ. ಲೆವೆಲ್ ಹಿಡಿದು ನೋಡಿ, ಸರಿಯಾಯಿತು ಅಂದುಕೊಂಡು ಮನೆಗೆ ಹೋಗಿದ್ದೆ.

ನಾನು ರೈಲ್ವೆಯಲ್ಲಿ ಹಳಿಯ ಕಡೆಯವನು. ಜೂನಿಯರ್ ಎಂಜಿನಿಯರ್ ಆಗಿ ಸೇರಿ, ಸೆಕ್ಷನ್ ಎಂಜಿನಿಯರ್ ಆಗಿ ನಿವೃತ್ತನಾದೆ. ಕೊನೆಯ ಹಲವು ವರ್ಷ ಕಳೆದದ್ದು ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂ ಕಡೆಗೆ ಹೋಗುವ ಹಾದಿಯ ಮೇಲೆ. ಮುಂಬೈ ಕಡೆಯಿಂದ ಬಂದ ಲೈನು 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ಕಾಲದ ಲೈನು ಸಿಕಂದರಾಬಾದಿನಿಂದ ಬಂದು ವಾಡಿಯಲ್ಲಿ ಕೂಡಿತು. ಅಂದಿನಿಂದ ವಾಡಿ ಜಂಕ್ಷನ್. ಆಗ ಇಲ್ಲಿ ಸಿಮೆಂಟ್ ಇರಲಿಲ್ಲ. ಈಗ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಪಕ್ಕದಲ್ಲೂ ಚಿಮಣಿಗಳಿವೆ. ನೆಲದ ಕೆಳಗೆ ಎಲ್ಲಿ ನೋಡಿದರೂ ಸುಣ್ಣಗಲ್ಲು, ಅದಕ್ಕಾಗಿಯೇ ಕಾರ್ಖಾನೆಗಳು. ಕಲ್ಲಿದ್ದಲು ಒಳಗೆ ಬರುತ್ತದೆ, ಸಿಮೆಂಟ್ ಮತ್ತು ಕ್ಲಿಂಕರ್ (ಅರೆದು ಸಿಮೆಂಟ್ ಮಾಡುವ ಸುಟ್ಟ ಉಂಡೆ) ಹೊರಗೆ ಹೋಗುತ್ತದೆ. ಎರಡಕ್ಕೂ ಮಾಲುಗಾಡಿ ಬೇಕು.

ನಮ್ಮ ಕಡೆ ಜನ ಪ್ಯಾಸೆಂಜರ್ ಗಾಡಿಯ ಸುದ್ದಿ ಮಾತಾಡಿದಷ್ಟು ಮಾಲುಗಾಡಿಯ ಸುದ್ದಿ ಮಾತಾಡುವುದಿಲ್ಲ. ಆದರೆ ಹಳಿಗೆ ಹೆಚ್ಚು ಪೆಟ್ಟು ಕೊಡುವುದು ಮಾಲುಗಾಡಿಯೇ. ತುಂಬಿದ ಕಲ್ಲಿದ್ದಲು ಗಾಡಿ ಎಂದರೆ 58 ವ್ಯಾಗನ್. ಮೊದಲು ಒಂದು ಆಕ್ಸಲ್ (ಎರಡು ಗಾಲಿ ಕೂಡಿಸುವ ಅಚ್ಚು) ಮೇಲೆ 20.32 ಟನ್ ಹಾಕುತ್ತಿದ್ದರು. 2005ರ ನಂತರ ಒಂದೊಂದು ಹಾದಿಯಾಗಿ ಅದನ್ನು 22.9 ಟನ್ನಿಗೆ ಏರಿಸಿದರು. ಒಂದು ವ್ಯಾಗನ್ನಿಗೆ ನಾಲ್ಕು ಆಕ್ಸಲ್, ಅಂದರೆ 91.6 ಟನ್. ಇಡೀ ಗಾಡಿ ಸುಮಾರು 5,300 ಟನ್. ಅದೇ ಹಾದಿಯ ಮೇಲೆ ಹಿಂದೆಯೇ ಎಕ್ಸ್‌ಪ್ರೆಸ್ ಗಾಡಿ ಬರುತ್ತದೆ, ಅದರಲ್ಲಿ ಸಾವಿರಕ್ಕೂ ಹೆಚ್ಚು ಜನ ಕುಳಿತಿರುತ್ತಾರೆ. ಮಾಲುಗಾಡಿ ಸಡಿಲ ಮಾಡಿಟ್ಟು ಹೋದ ಹಳಿಯ ಮೇಲೆ ಅವರು ಹೋಗಬೇಕು. ಅದಕ್ಕೇ ಮಾಲುಗಾಡಿಯ ಸುರಕ್ಷತೆಯೆಂದರೆ ಬರೀ ಮಾಲಿನ ಮಾತಲ್ಲ.

ಗಿಟ್ಟಿ ಬೆಳ್ಳಗಾಗುವುದು ಎಂದರೇನು ಅಂತ ಹೇಳಬೇಕು. ಹಳಿಗೆ ಅಡ್ಡವಾಗಿ ಹಾಸುವ ಕಾಂಕ್ರೀಟ್ ತೊಲೆ, ಅಂದರೆ ಸ್ಲೀಪರಿನ ಕೆಳಗೆ ಹಾಕುವ ಜಲ್ಲಿಗೆ ಗ್ಯಾಂಗಿನವರು ಗಿಟ್ಟಿ ಅನ್ನುತ್ತಾರೆ. 20ರಿಂದ 65 ಮಿಲಿಮೀಟರ್ ಗಾತ್ರದ, ಚೂಪು ಮೂಲೆಯ ಗಟ್ಟಿ ಕಲ್ಲು. ಅದರ ಕೆಲಸ ಮೂರು: ಭಾರವನ್ನು ಹರವಿ ಮಣ್ಣಿಗೆ ಕೊಡುವುದು, ಹಳಿ ಅತ್ತಿತ್ತ ಸರಿಯದಂತೆ ಹಿಡಿಯುವುದು, ನೀರನ್ನು ಕೆಳಗೆ ಬಿಡುವುದು. ಮೂರನೆಯದು ನಿಂತರೆ ಮೊದಲ ಎರಡೂ ನಿಲ್ಲುತ್ತವೆ. ಗಿಟ್ಟಿಯ ಸಂದಿಯಲ್ಲಿ ಧೂಳು, ಕೆಸರು ತುಂಬಿಕೊಂಡು ನೀರು ನಿಂತಿತು ಅನ್ನಿ. ಗಾಡಿ ಬಂದಾಗ ಸ್ಲೀಪರ್ ಆ ನೀರನ್ನು ಒತ್ತುತ್ತದೆ, ಕೆಸರು ಪಿಚಕಾರಿಯ ಹಾಗೆ ಮೇಲೆ ಹಾರುತ್ತದೆ. ಗಾಡಿ ಹೋದ ಮೇಲೆ ಸ್ಲೀಪರ್ ಕೆಳಗೆ ಟೊಳ್ಳು ಉಳಿಯುತ್ತದೆ. ಮುಂದಿನ ಗಾಡಿಗೆ ಸ್ಲೀಪರ್ ಆ ಟೊಳ್ಳಿನಲ್ಲಿ ಕುಣಿಯುತ್ತದೆ, ಕಾಂಕ್ರೀಟ್ ಮತ್ತು ಕಲ್ಲು ಒಂದಕ್ಕೊಂದು ತಿಕ್ಕಿ ಬಿಳಿ ಪುಡಿ ಏಳುತ್ತದೆ. ಆ ಪುಡಿ ಗಿಟ್ಟಿಯ ಮೇಲೆ ಕೂತು ಒಣಗಿದರೆ ದೂರದಿಂದ ಸುಣ್ಣ ಚೆಲ್ಲಿದಂತೆ ಕಾಣುತ್ತದೆ. ದಿನಾ ಆ ಹಾದಿಯಲ್ಲಿ ನಡೆಯುವ ಮನುಷ್ಯನಿಗೆ ಅದು ಓದುವ ಅಕ್ಷರ ಇದ್ದಂತೆ.

ಆ ಜಾಗ ಇದ್ದದ್ದು ಒಂದು ಸಿಮೆಂಟ್ ಕಾರ್ಖಾನೆಗೆ ಹೋಗುವ ಹಳಿ, ಅಂದರೆ ಸೈಡಿಂಗ್, ಕವಲೊಡೆಯುವ ಕಡೆ. ಯಾವ ಕಾರ್ಖಾನೆ ಎಂಬುದು ಬೇಡ. ಸಣ್ಣ ತಿರುವು, ಎರಡೂ ಕಡೆ ಎರೆ ಹೊಲ, ಹಳಿ ನೆಲ ಕಡಿದು ಮಾಡಿದ ಒಂದಾಳು ಆಳದ ಕಟಿಂಗಿನಲ್ಲಿ ಹೋಗುತ್ತದೆ. ಪ್ರತಿ ಮಳೆಗಾಲಕ್ಕೂ ಅಲ್ಲಿ 30 ಕಿಲೋಮೀಟರ್ ವೇಗದ ಕಾಶನ್, ಅಂದರೆ ಗಾಡಿ ಮೆಲ್ಲಗೆ ಓಡಿಸಬೇಕೆಂಬ ಆಜ್ಞೆ. ನನಗಿಂತ ಮೊದಲು ಇದ್ದವರೂ ಅದನ್ನೇ ಮಾಡಿದ್ದರು, ಅದು ಪಂಚಾಂಗದ ಹಬ್ಬದ ಹಾಗೆ ಆಗಿಬಿಟ್ಟಿತ್ತು. ಕೆಟ್ಟರೆ ಪ್ಯಾಕಿಂಗ್, ಮತ್ತೆ ಕೆಟ್ಟರೆ ಮತ್ತೆ ಪ್ಯಾಕಿಂಗ್.

ಕಾಕಾ ಫೋನ್ ಮಾಡಿದ ಮೂರನೇ ದಿನ ಸೈಡಿಂಗಿನೊಳಗೆ ಖಾಲಿ ವ್ಯಾಗನ್ ಒಂದು ಹಳಿ ತಪ್ಪಿತು. ಎಂಜಿನ್ ನಡೆಯುವ ವೇಗದಲ್ಲಿ ತಳ್ಳುತ್ತಿತ್ತು, ಒಂದೇ ಬೋಗಿಯ (ವ್ಯಾಗನ್ನಿನ ಒಂದು ತುದಿಯ ಗಾಲಿ ಚೌಕಟ್ಟಿನ) ಎರಡು ಆಕ್ಸಲ್ ಕೆಳಗಿಳಿದವು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಗಾಡಿಯ ಹಾದಿ ತಿರುಗಿಸುವ ಪಾಯಿಂಟ್ ಹೊಂದಿಸುವ ಒಬ್ಬ ಹುಡುಗ ಆ ವ್ಯಾಗನ್ನಿಗೆ ನಾಲ್ಕೇ ಮಾರು ದೂರ ನಿಂತಿದ್ದ. ಅವನು ಅಲ್ಲೇ ಗಿಟ್ಟಿಯ ಮೇಲೆ ಕುಳಿತುಬಿಟ್ಟಿದ್ದ, ನೀರು ಕೊಟ್ಟರೆ ಲೋಟ ಹಿಡಿಯಲು ಕೈ ಬರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ತುಂಬಿದ ವ್ಯಾಗನ್ ಬಿಟ್ಟು ಖಾಲಿಯದು ಏಕೆ ಇಳಿಯಿತು ಎಂದು ಅನೇಕರು ಕೇಳಿದರು. ಹಳಿಯ ಕೆಲಸದವರಿಗೆ ಇದು ಆಶ್ಚರ್ಯವಲ್ಲ. ಗಾಲಿಯನ್ನು ಹಳಿಯ ಮೇಲೆ ಹಿಡಿದಿಡುವುದು ಅದರ ಮೇಲಿನ ಭಾರ. ತುಂಬಿದ ವ್ಯಾಗನ್ನಿನಲ್ಲಿ ಒಂದೊಂದು ಗಾಲಿಯ ಮೇಲೆ ಹತ್ತತ್ತಿರ ಹನ್ನೊಂದೂವರೆ ಟನ್ ಕೂತಿರುತ್ತದೆ. ಖಾಲಿ ವ್ಯಾಗನ್ ಒಟ್ಟು ಇಪ್ಪತ್ತೆರಡು ಟನ್ ಚಿಲ್ಲರೆ, ಗಾಲಿ ಎಂಟು, ಒಂದಕ್ಕೆ ಮೂರು ಟನ್ ಕೂಡ ಇಲ್ಲ. ಹಳಿ ಒಂದು ಕಡೆ ಕುಸಿದು ತಿರುಚಿಕೊಂಡಿದ್ದರೆ ನಾಲ್ಕು ಕಾಲಿನ ಮಂಚ ಕುಣಿದ ಹಾಗೆ ಒಂದು ಗಾಲಿಯ ಮೇಲಿನ ಭಾರ ಇನ್ನೂ ಇಳಿಯುತ್ತದೆ. ಆ ಹೊತ್ತಿಗೆ ತಿರುವಿನಲ್ಲಿ ಗಾಲಿಯ ಫ್ಲೇಂಜ್ (ಒಳಬದಿಯ ಚಾಚಿದ ಅಂಚು) ಹಳಿಯನ್ನು ಪಕ್ಕಕ್ಕೆ ಒತ್ತುತ್ತಿರುತ್ತದೆ. ಮೇಲಿನಿಂದ ಹಿಡಿಯುವ ಭಾರ ಇಳಿದು, ಪಕ್ಕದ ಒತ್ತಡ ಹೆಚ್ಚಾದರೆ ಫ್ಲೇಂಜ್ ಮೆಲ್ಲಗೆ ಹಳಿಯನ್ನು ಏರಿ ಆಚೆ ಇಳಿಯುತ್ತದೆ. ಅದಕ್ಕೆ ವೇಗ ಬೇಕಾಗಿಲ್ಲ. ಹಾಗಾಗಿ ‘ಸೈಡಿಂಗ್ ತಾನೇ, ಮೆಲ್ಲಗೆ ಹೋಗ್ತದ’ ಎಂಬ ಮಾತನ್ನು ನಾನು ಅಂದಿನಿಂದ ಒಪ್ಪಿಲ್ಲ.

ಪ್ಯಾಕಿಂಗ್ ಮಾಡಿಸಿ ಮತ್ತೆ ಗಾಡಿ ಬಿಡುವುದು ಸುಲಭವಿತ್ತು. ನಾನು ಕಾಕಾನನ್ನು ಕರೆಸಿ, “ಕಾಕಾ, ನಿಮ್ಮ ಡೈರಿ ಎಲ್ಲಾ ತಗೊಂಡು ಬರ್ರಿ, ಹಳೇವೂ ತರ್ರಿ” ಅಂದೆ. ಅವರು ಒಂದು ಬಟ್ಟೆ ಚೀಲದಲ್ಲಿ ಐದು ವರ್ಷದ ಡೈರಿ ತಂದರು. ಕೆಲವು ಮಳೆಗೆ ತೊಯ್ದು ಉಬ್ಬಿದ್ದವು. ಕಿಲೋಮೀಟರ್ ಕಲ್ಲು, ಕಂಬದ ನಂಬರ್, ಬಿದ್ದ ಕ್ಲಿಪ್, ಸಡಿಲಾದ ಲೈನರ್, ಬೆಳ್ಳಗಾದ ಗಿಟ್ಟಿ ಎಲ್ಲಾ ಅದರಲ್ಲಿತ್ತು. ಕಚೇರಿಯಲ್ಲಿ ಇನ್ನೆರಡು ಕಾಗದ ಇದ್ದವು. ಒಂದು, ಅಲ್ಟ್ರಾಸಾನಿಕ್ ಪರೀಕ್ಷೆಯ ರಿಜಿಸ್ಟರ್. ಧ್ವನಿತರಂಗ ಬಿಟ್ಟು ಹಳಿಯೊಳಗಿನ ಬಿರುಕು ಹುಡುಕುವ ತಳ್ಳುಗಾಡಿಯ ಯಂತ್ರ ತಿರುಗಾಡಿ ಬರೆದಿಟ್ಟದ್ದು. ಇನ್ನೊಂದು, ಗಾಲಿಯ ಪೆಟ್ಟು ಅಳೆಯುವ ‘ವೈಲ್ಡ್’ ಯಂತ್ರದಿಂದ ಬರುವ ವರದಿ. ಹಳಿಗೆ ಅಂಟಿಸಿದ ಸಂವೇದಕಗಳ ಮೇಲೆ ಗಾಡಿ ಹಾದಾಗ ಯಾವ ವ್ಯಾಗನ್ನಿನ ಯಾವ ಗಾಲಿ ಎಷ್ಟು ಜೋರಾಗಿ ಬಡಿಯಿತು ಎಂದು ಅದು ಹೇಳುತ್ತದೆ. ನಮ್ಮ ದೇಶದಲ್ಲಿ ಅದನ್ನು ರೂಪಿಸಿದವರಲ್ಲಿ ಐಐಟಿ ಕಾನ್ಪುರದವರಿದ್ದಾರೆ. ಮೂರೂ ಬೇರೆ ಬೇರೆ ಮೇಜಿಗೆ ಹೋಗುವ ಕಾಗದ. ಡೈರಿ ನನಗೆ, ಅಲ್ಟ್ರಾಸಾನಿಕ್ ಅದರದೇ ತಂಡಕ್ಕೆ, ಗಾಲಿಯ ವರದಿ ವ್ಯಾಗನ್ ವಿಭಾಗಕ್ಕೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರು ಇರಲಿಲ್ಲ.

ನಾನು ಗ್ರಾಫ್ ಹಾಳೆಗಳನ್ನು ಅಂಟಿಸಿ ಆರು ಅಡಿ ಉದ್ದದ ಪಟ್ಟಿ ಮಾಡಿದೆ. ಕೆಳಗೆ ಕಿಲೋಮೀಟರು. ಮೇಲೆ ಕಾಕಾನ ಬಿಳಿ ಗಿಟ್ಟಿಗೆ ನೀಲಿ ಗುರುತು, ಹಳಿ ಕೂಡಿಸಿದ ಬೆಸುಗೆಯಲ್ಲಿ, ಅಂದರೆ ವೆಲ್ಡಿನಲ್ಲಿ ಸಿಕ್ಕ ಬಿರುಕಿಗೆ ಕೆಂಪು, ಪ್ಯಾಕಿಂಗ್ ಮಾಡಿದ ತಾರೀಖಿಗೆ ಹಸಿರು. ನನ್ನ ಮಗಳು ಬಣ್ಣದ ಪೆನ್ನು ಕೊಟ್ಟು ಪಕ್ಕದಲ್ಲಿ ಕುಳಿತಳು. ಎರಡು ರಾತ್ರಿಯಲ್ಲಿ ಚಿತ್ರ ಮೂಡಿತು. ನೀಲಿ ಇದ್ದ ಕಡೆಯೇ ಕೆಂಪು ಗುಂಪುಗೂಡಿತ್ತು. ಹಸಿರು ಅಲ್ಲಿ ಎಷ್ಟು ಸಲ ಬಂದರೂ ನೀಲಿ ತಿರುಗಿ ಬಂದಿತ್ತು. ಅಂದರೆ ಹಳಿಯ ವೆಲ್ಡ್ ಬಿರುಕು ಬಿಡುತ್ತಿದ್ದದ್ದು ಬರೀ ವೆಲ್ಡಿನ ತಪ್ಪಲ್ಲ, ಕೆಳಗಿನ ಟೊಳ್ಳಿನಲ್ಲಿ ಅದು ಪ್ರತಿ ಗಾಲಿಗೂ ಬಾಗಿ ದಣಿಯುತ್ತಿತ್ತು. ವೆಲ್ಡ್ ಬದಲಿಸಿದರೆ ಹೊಸ ವೆಲ್ಡೂ ದಣಿಯುತ್ತದೆ. ಹಾಸಿಗೆ ಹಾಳಾದ ಮೇಲೆ ಮೇಲಿನ ಚಾದರ ಬದಲಿಸಿ ಏನು ಬಂತು?

ಮುಂದಿನ ಕೆಲಸ ಅಗೆಯುವುದು. ಹಳಿಗೆ ಅಡ್ಡವಾಗಿ, ಎರಡು ಸ್ಲೀಪರಿನ ನಡುವಿನ ಖಾನೆಯಲ್ಲಿ ಗಿಟ್ಟಿ ತೆಗೆಸಿದೆ. ಸ್ಲೀಪರಿನ ಕೆಳಗೆ 300 ಮಿಲಿಮೀಟರ್ ಶುದ್ಧ ಗಿಟ್ಟಿ ಇರಬೇಕು. ಅಲ್ಲಿ ಒಂದು ಗೇಣಿನಷ್ಟು ಮಾತ್ರ ಗಿಟ್ಟಿಯಂತಿತ್ತು, ಅದರ ಕೆಳಗಿನದು ಗಿಟ್ಟಿಯೂ ಅಲ್ಲ, ಮಣ್ಣೂ ಅಲ್ಲ. ಗುದ್ದಲಿ ಹಾಕಿದರೆ ಠಣ್ ಎಂದಿತು. ವರ್ಷಗಟ್ಟಲೆ ವ್ಯಾಗನ್ನಿನಿಂದ ಉದುರಿದ ಸಿಮೆಂಟ್ ಧೂಳು, ಕ್ಲಿಂಕರ್ ಪುಡಿ ಗಿಟ್ಟಿಯ ಸಂದಿಗೆ ಇಳಿದು, ಮಳೆ ನೀರು ಕುಡಿದು, ಗಟ್ಟಿ ಹಲಗೆಯಾಗಿತ್ತು. ಆ ಹಲಗೆಯ ಮೇಲೆ ನೀರು ಕೆರೆಯಂತೆ ನಿಲ್ಲುತ್ತಿತ್ತು. ಹಲಗೆಯ ಕೆಳಗೆ ಎರೆ ಮಣ್ಣು, ಎರೆಯ ಕೆಳಗೆ ಚಪ್ಪಡಿ ಸುಣ್ಣಗಲ್ಲು, ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಪರಸಿಯ ಕುಲದ್ದು. ಬಿರುಕಿನಲ್ಲಿ ಇಳಿದ ಸ್ವಲ್ಪ ನೀರಿಗೂ ಆ ಚಪ್ಪಡಿಯ ಮೇಲೆ ದಾರಿ ಇಲ್ಲ. ಎರೆ ಮಣ್ಣಿನ ಸ್ವಭಾವ ನಮ್ಮ ತೊಗರಿ ಬೆಳೆಯುವವರಿಗೆ ಗೊತ್ತು: ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಬೆಳೆಗೆ ಅದು ಬಂಗಾರ, ಹಳಿಗೆ ಅದು ಉಸಿರಾಡುವ ನೆಲ.

ಕಾಕಾ ಕಟಿಂಗಿನ ಅಂಚಿಗೆ ಹೋಗಿ ಕಂಟಿಯೊಳಗೆ ಕೋಲು ಆಡಿಸಿದರು. “ಇಲ್ಲಿ ಮದಲ ಕಾಲುವಿ ಇತ್ರಿ. ನಾ ಗ್ಯಾಂಗಿಗೆ ಸೇರಿದಾಗ ಇದರಾಗ ನೀರು ಹರಿತಿತ್ತು. ಆಮ್ಯಾಲ ಲಾರಿ ತಿರುಗಲಾಕ ಮಣ್ಣು ಹಾಕ್ಯಾರ, ಮುಚ್ಚಿ ಹೋಗ್ಯದ.”

ಇದು ನನಗೆ ಮೊದಲೇ ಕಾಣಬೇಕಿತ್ತು. ಕಟಿಂಗಿನಲ್ಲಿ ಹಳಿಯ ಎರಡೂ ಬದಿಗೆ ಚರಂಡಿ ಇರಬೇಕು, ಅದರ ತಳ ಗಿಟ್ಟಿಯ ತಳಕ್ಕಿಂತ ಕೆಳಗಿರಬೇಕು. ಅಲ್ಲಿ ಬದಿಯ ನೆಲವೇ ಗಿಟ್ಟಿಯ ತಳಕ್ಕಿಂತ ಒಂದೂವರೆ ಅಡಿ ಎತ್ತರವಿತ್ತು. ಹೊಲದ ನೀರು, ಲಾರಿ ನಿಲ್ಲಿಸುವ ಬಯಲಿನ ನೀರು, ಎಲ್ಲಾ ನಮ್ಮ ಹಳಿಯ ಕೆಳಗೆ ಬಂದು ಕೂರುತ್ತಿತ್ತು. ಪ್ಯಾಕಿಂಗ್ ಮಾಡಿದ್ದೆಲ್ಲಾ ನೀರಿನ ಮೇಲೆ ಗೋಡೆ ಕಟ್ಟಿದಂತೆ ಆಗಿತ್ತು.

ಈಗ ದುಡ್ಡಿನ ಮಾತು. 2012ರಲ್ಲಿ ಅನಿಲ್ ಕಾಕೋಡ್ಕರ್ ಸಮಿತಿ ರೈಲ್ವೆ ಸುರಕ್ಷತೆಗೆ ಐದು ವರ್ಷದಲ್ಲಿ ಸುಮಾರು 1 ಲಕ್ಷ ಕೋಟಿ ರೂಪಾಯಿ ಬೇಕು ಎಂದಿತ್ತು. 2017–18ರ ಬಜೆಟ್ಟಿನಲ್ಲಿ ಅಷ್ಟೇ ಮೊತ್ತದ ರಾಷ್ಟ್ರೀಯ ರೈಲು ಸಂರಕ್ಷಾ ಕೋಶ ಬಂತು. ಹಳಿ ಬದಲಾವಣೆ, ಸೇತುವೆ, ಸಿಗ್ನಲ್, ಗೇಟು ತೆಗೆಯುವುದು ಇವಕ್ಕೆ ಅದರಿಂದ ಹಣ ಬಂತು. ಬ್ರಾಡ್‌ಗೇಜಿನಲ್ಲಿ ಕಾವಲಿಲ್ಲದ ಗೇಟುಗಳು 2019ರ ಜನವರಿ ಹೊತ್ತಿಗೆ ಮುಗಿದವು. ಇದನ್ನು ನಾನು ದೊಡ್ಡ ಕೆಲಸ ಎಂದೇ ಹೇಳುತ್ತೇನೆ, ಅಂಥ ಗೇಟಿನಲ್ಲಿ ಟ್ರ್ಯಾಕ್ಟರ್ ಸಿಕ್ಕಿದ್ದನ್ನು ಕಣ್ಣಾರೆ ನೋಡಿದವನು ನಾನು. ಆದರೆ ಚರಂಡಿಗೆ ದುಡ್ಡು ಕೇಳುವುದು ಕಷ್ಟ. ಚರಂಡಿ ಫೋಟೋದಲ್ಲಿ ಚಂದ ಕಾಣುವುದಿಲ್ಲ, ಉದ್ಘಾಟನೆಯ ರಿಬ್ಬನ್ ಕಟ್ಟಲು ಅಲ್ಲಿ ಜಾಗವಿಲ್ಲ.

ನಾನು ಎಸ್ಟಿಮೇಟಿನ ಜೊತೆ ಆರು ಅಡಿಯ ಪಟ್ಟಿ ಹಚ್ಚಿದೆ. ಇನ್ನೊಂದು ಕೆಲಸವನ್ನೂ ಮಾಡಿದೆ. ಒಂದು ವಾರ ಕಾಶನ್ ಬೋರ್ಡಿನ ಹತ್ತಿರ ಸ್ಟಾಪ್‌ವಾಚ್ ಹಿಡಿದು ನಿಂತೆ. ತುಂಬಿದ ಮಾಲುಗಾಡಿ 30ಕ್ಕೆ ಇಳಿದು, ತನ್ನ ಉದ್ದವನ್ನೆಲ್ಲಾ ಆ ಜಾಗದಿಂದ ಎಳೆದು ದಾಟಿಸಿ, ಮತ್ತೆ ವೇಗ ಹಿಡಿಯುವ ಹೊತ್ತಿಗೆ ಎಂಟು–ಹತ್ತು ನಿಮಿಷ ಹೋಗುತ್ತಿತ್ತು. ಆ ಲೆಕ್ಕವನ್ನು ಗಾಡಿ ಓಡಿಸುವ ವಿಭಾಗದವರ ಮುಂದಿಟ್ಟೆ. ಸುರಕ್ಷತೆಯ ಮಾತಿಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದವರು ನಿಮಿಷದ ಲೆಕ್ಕಕ್ಕೆ ಕುರ್ಚಿ ಎಳೆದು ಕುಳಿತರು. ಅವರನ್ನು ದೂರುವುದಿಲ್ಲ. ಅವರ ಮೇಲೂ ಗಾಡಿ ತಡವಾದರೆ ಕೇಳುವವರಿದ್ದಾರೆ. ಆದರೆ ಹಳಿಯ ಕೆಲಸಕ್ಕೆ ದುಡ್ಡಿಗಿಂತ ದೊಡ್ಡ ಬಂಡವಾಳ ‘ಬ್ಲಾಕ್’, ಅಂದರೆ ಗಾಡಿ ನಿಲ್ಲಿಸಿ ನಮಗೆ ಕೊಡುವ ಹೊತ್ತು. ಕೋಟಿ ರೂಪಾಯಿಯ ಯಂತ್ರ ಸ್ಟೇಷನ್ನಿನಲ್ಲಿ ಬಂದು ನಿಂತಿರುತ್ತದೆ, ಬ್ಲಾಕ್ ಸಿಗದೆ ಮೂರು ದಿನ ಬಿಸಿಲು ಕಾಯುತ್ತದೆ. ಒಂದೂವರೆ ಗಂಟೆ ಕೊಟ್ಟರೆ ಸಾಮಾನು ಇಳಿಸಿ ಏರಿಸುವುದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. ನಾನು ದಿನಾ ಒಂದೊಂದು ತಾಸು ಬೇಡ ಅಂದೆ, ವಾರಕ್ಕೆ ಎರಡು ಸಲ ಮೂರೂವರೆ ತಾಸು ಕೊಡಿ ಎಂದು ಬೇಡಿದೆ. ಕೊಟ್ಟರು. ಆ ಕೆಲಸ ಮುಗಿದದ್ದು ಅದರಿಂದಲೇ.

ಮಳೆ ಪೂರ್ತಿ ನಿಂತ ಮೇಲೆ, ಜೋಳದ ಬಿತ್ತನೆಯ ಹೊತ್ತಿಗೆ ಶುರುಮಾಡಿದೆವು. ಮೊದಲು ಹಳಿ ಮುಟ್ಟಲಿಲ್ಲ. ಜೆಸಿಬಿ ಹಚ್ಚಿ ಕಾಲುವೆ ಬಿಡಿಸಿದೆವು, ಇಳಿಜಾರು ಅಳೆದು ಹಳ್ಳದವರೆಗೂ ಒಯ್ದೆವು, ಹೊಲದ ಕಡೆ ಕಟಿಂಗಿನ ಮೇಲಂಚಿಗೆ ಇನ್ನೊಂದು ಕಾಲುವೆ ತೆಗೆದೆವು. ಕಾರ್ಖಾನೆಯವರು ಲಾರಿ ಬಯಲಿನ ನೀರಿಗೆ ಬೇರೆ ಪೈಪು ಹಾಕಿಸಿಕೊಟ್ಟರು, ಕೇಳಿದ್ದಕ್ಕೆ ಒಪ್ಪಿದರು. ಆಮೇಲೆ ಡೀಪ್ ಸ್ಕ್ರೀನಿಂಗ್, ಅಂದರೆ ಗಿಟ್ಟಿಯನ್ನು ಬುಡದವರೆಗೂ ತೆಗೆದು ಸೋಸುವುದು. ತೆರೆದ ಹಾದಿಯಲ್ಲಿ ಗಿಟ್ಟಿ ಜರಡಿ ಹಿಡಿಯುವ ದೊಡ್ಡ ಯಂತ್ರವಿದೆ, ಹಳಿಯ ಕೆಳಗೆ ಸರಪಳಿ ತೂರಿಸಿ ಗಿಟ್ಟಿಯನ್ನು ಎತ್ತಿ, ಸೋಸಿ, ಮತ್ತೆ ಸುರಿಯುತ್ತದೆ. ಪಾಯಿಂಟ್ ಇದ್ದ ಕಡೆ, ಹಲಗೆಗಟ್ಟಿದ ಕಡೆ ನಮಗೆ ಅದು ಹೊಂದಲಿಲ್ಲ. ಕೈಯಿಂದಲೇ ಮಾಡಿದೆವು. ಒಂದು ಖಾನೆ ತೆರೆದರೆ ಇನ್ನೊಂದು ತೆರೆಯುವ ಮುನ್ನ ನಡುವೆ ಕನಿಷ್ಠ ನಾಲ್ಕು ಸ್ಲೀಪರ್ ಗಟ್ಟಿಯಾಗಿ ಕೂತಿರಬೇಕು ಎಂಬುದು ನಿಯಮ. ಅವಸರದಲ್ಲಿ ಹಲವರು ಮೀರುವುದು ಇದನ್ನೇ. ನಮ್ಮ ಗ್ಯಾಂಗಿನ ಮುಖ್ಯಸ್ಥ ಮೇಟ್ ಸುಣ್ಣದ ಉಂಡೆ ಹಿಡಿದು ಸ್ಲೀಪರಿನ ಮೇಲೆ ಗುರುತು ಹಾಕುತ್ತಾ ನಡೆಯುತ್ತಿದ್ದರು. ಗುರುತಿಲ್ಲದ ಖಾನೆಗೆ ಯಾರೂ ಸಲಿಕೆ ಹಾಕುವಂತಿರಲಿಲ್ಲ. ಮೊದಲ ದಿನ ಗಾಡಿಗೆ 20 ಕಿಲೋಮೀಟರ್ ವೇಗ, ಪ್ಯಾಕಿಂಗ್ ಸುತ್ತು ಮುಗಿದಂತೆ ಹಂತ ಹಂತವಾಗಿ ಏರಿಸಿದೆವು.

ಅದೇ ಬ್ಲಾಕಿನಲ್ಲಿ ಹಳೆಯ ಪಾಯಿಂಟ್ ತೆಗೆದು ದಪ್ಪ ನಾಲಿಗೆಯ ಹೊಸದು ಹಾಕಿದೆವು. ನಮ್ಮವರು ಅದಕ್ಕೆ ಥಿಕ್ ವೆಬ್ ಸ್ವಿಚ್ ಅನ್ನುತ್ತಾರೆ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ನಾಲಿಗೆ ಇದರಲ್ಲಿ ಹಳೆಯದಕ್ಕಿಂತ ಬಲವಾಗಿರುತ್ತದೆ, ಭಾರದ ಗಾಡಿಗೆ ಅಷ್ಟು ಬೇಗ ಸವೆಯುವುದಿಲ್ಲ. ಮೂರು ಕೆಂಪು ಅಡ್ಡಗೀಟಿನ ಗುರುತು ಬಿದ್ದಿದ್ದ ವೆಲ್ಡುಗಳನ್ನು ಹಿಂದೆಯೇ ಕತ್ತರಿಸಿದ್ದೆವು. ಅಲ್ಟ್ರಾಸಾನಿಕ್ ಯಂತ್ರ ಆ ಗುರುತು ಹಾಕಿಸಿದರೆ ಮೂರು ದಿನದೊಳಗೆ ತೆಗೆಯಲೇಬೇಕು, ಅಲ್ಲಿಯವರೆಗೆ ಕ್ಲ್ಯಾಂಪ್ ಬಿಗಿದು 30ರ ವೇಗದಲ್ಲಿ ಗಾಡಿ ಬಿಡಬೇಕು. ಈಗ ಒಂದು ಅಡ್ಡಗೀಟಿನ, ಅಂದರೆ ಬರೀ ಕಣ್ಣಿಟ್ಟು ನೋಡುತ್ತಿದ್ದ ವೆಲ್ಡುಗಳೂ ಹೋದವು. ಹೊಸ ವೆಲ್ಡ್ ಹಾಕುವಾಗ ನಾನು ಪಕ್ಕ ಬಿಟ್ಟು ಸರಿಯಲಿಲ್ಲ. ಎರಡು ಹಳಿಯ ನಡುವೆ 25 ಮಿಲಿಮೀಟರ್ ಸಂದು, ಅಚ್ಚು, ಅಲ್ಯುಮಿನಿಯಂ ಮತ್ತು ಕಬ್ಬಿಣದ ಆಕ್ಸೈಡ್ ಪುಡಿ. ಬೆಂಕಿ ಕೊಟ್ಟರೆ ಕಣ್ಣು ಕುಕ್ಕುವ ಬೆಳಕಿನಲ್ಲಿ ಉಕ್ಕು ಕರಗಿ ಇಳಿಯುತ್ತದೆ. ಪುಡಿಯಲ್ಲಿ, ಅಚ್ಚಿನಲ್ಲಿ ಸ್ವಲ್ಪ ತೇವ ಇದ್ದರೂ ಒಳಗೆ ಗುಳ್ಳೆ ಉಳಿಯುತ್ತದೆ. ಆ ಗುಳ್ಳೆ ಎಂದೋ ಒಂದು ಚಳಿಯ ಬೆಳಗಿನಲ್ಲಿ ಹಳಿ ಮುರಿಯುತ್ತದೆ.

ಚಳಿ ಎಂದೆ. ನಮ್ಮ ಕಡೆ ಇನ್ನೂ ದೊಡ್ಡ ಭಯ ಬಿಸಿಲಿನದು. ಕಲಬುರಗಿಯ ಬೇಸಿಗೆ 44 ಡಿಗ್ರಿ ದಾಟುವುದು ಹೊಸದಲ್ಲ. ಗಾಳಿಯಲ್ಲಿ ಅಷ್ಟಿದ್ದರೆ ಹಳಿಯ ಉಕ್ಕು 60ನ್ನೂ ಮೀರುತ್ತದೆ. ಈಗಿನ ಹಳಿಗಳು ಕಿಲೋಮೀಟರುಗಟ್ಟಲೆ ಒಂದೇ ತುಂಡು. ಒಂದು ಕಿಲೋಮೀಟರ್ ಹಳಿಯನ್ನು ಬಿಡುಬೀಸಾಗಿ ಬಿಟ್ಟರೆ 40 ಡಿಗ್ರಿ ಏರಿದಾಗ ಅದು ಸುಮಾರು 46 ಸೆಂಟಿಮೀಟರ್ ಬೆಳೆಯಬೇಕು. ನಾವು ಬೆಳೆಯಲು ಬಿಡುವುದಿಲ್ಲ, ಕ್ಲಿಪ್ ಮತ್ತು ಗಿಟ್ಟಿ ಹಿಡಿದಿರುತ್ತವೆ. ಆ ಬೆಳವಣಿಗೆಯೆಲ್ಲಾ ಒಳಗೆ ಒತ್ತಡವಾಗುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ ಒಂದೊಂದು ಡಿಗ್ರಿಗೆ ಸುಮಾರು 1.9 ಟನ್. ಗಿಟ್ಟಿ ಕಡಿಮೆ ಇದ್ದ ಕಡೆ, ಹೊಸದಾಗಿ ಸೋಸಿ ಸಡಿಲಾದ ಕಡೆ ಅದು ಹಾವಿನಂತೆ ಪಕ್ಕಕ್ಕೆ ಬಾಗಿಬಿಡುತ್ತದೆ. ಇದಕ್ಕೇ ಡೀಪ್ ಸ್ಕ್ರೀನಿಂಗನ್ನು ಬಿಸಿಲಿನ ತಿಂಗಳಿಗೆ ಇಟ್ಟುಕೊಳ್ಳಬಾರದು. ಇದಕ್ಕೇ ಫೆಬ್ರವರಿಯಲ್ಲಿ ನಾವು ಡೀಸ್ಟ್ರೆಸಿಂಗ್ ಮಾಡಿದೆವು: ಹಳಿ ಕತ್ತರಿಸಿ, ಕ್ಲಿಪ್ ಬಿಚ್ಚಿ, ಉರುಳೆಗಳ ಮೇಲೆ ಎತ್ತಿ, ಮರದ ಸುತ್ತಿಗೆಯಿಂದ ಬಡಿದು ಒಳಗಿನ ಬಿಗಿ ಬಿಡಿಸಿ, ಗೊತ್ತು ಮಾಡಿದ ತಾಪಮಾನದಲ್ಲಿ ಮತ್ತೆ ಬಿಗಿದು ವೆಲ್ಡ್ ಮಾಡುವುದು. ಆ ತಾಪಮಾನಕ್ಕಿಂತ 20 ಡಿಗ್ರಿ ಮೇಲೇರಿದ ದಿನ ಬಿಸಿಲಿನ ಗಸ್ತು ಶುರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಮನುಷ್ಯ ತಲೆಗೆ ಟವೆಲ್ ಸುತ್ತಿಕೊಂಡು, ಕೆಂಪು ಬಾವುಟ, ಗಾಲಿ ಹಾದರೆ ಸಿಡಿದು ಗಾಡಿ ಓಡಿಸುವವರನ್ನು ಎಚ್ಚರಿಸುವ ಪಟಾಕಿಯಂಥ ಡಿಟೋನೇಟರ್ ಹಿಡಿದು ನಡೆಯುತ್ತಾನೆ. ಹಳಿ ಬಾಗಿದ್ದು ಕಂಡರೆ 600 ಮೀಟರಿಗೆ ಒಂದು, 1,200 ಮೀಟರಿಗೆ ಹತ್ತು ಹತ್ತು ಮೀಟರ್ ಬಿಟ್ಟು ಮೂರು ಡಿಟೋನೇಟರ್ ಕಟ್ಟಲು ಓಡಬೇಕು, ಆ ಬಿಸಿಲಲ್ಲಿ. ಆ ಓಟದ ಅಭ್ಯಾಸವನ್ನು ನಾನು ಪ್ರತಿ ಮಾರ್ಚಿನಲ್ಲೂ ಮಾಡಿಸುತ್ತಿದ್ದೆ, ನಾನೂ ಓಡುತ್ತಿದ್ದೆ.

ಗಾಲಿಯ ವರದಿಯ ಕಥೆ ಉಳಿಯಿತು. ಹಳಿ ಸರಿಮಾಡಿದರೂ ಅದನ್ನು ಬಡಿಯುವ ಗಾಲಿ ಇದ್ದರೆ ಮತ್ತೆ ಅದೇ. ವ್ಯಾಗನ್ ವಿಭಾಗದ ಗೆಳೆಯರ ಜೊತೆ ಕುಳಿತು ನೋಡಿದಾಗ, ಜೋರಾಗಿ ಬಡಿಯುವ ಗಾಲಿಗಳಲ್ಲಿ ಹೆಚ್ಚಿನವು ಚಪ್ಪಟೆಯಾದವು. ಬ್ರೇಕ್ ಹಿಡಿದುಕೊಂಡೇ ಗಾಲಿ ಜಾರಿದರೆ ಒಂದು ಕಡೆ ಸವೆದು ಚಪ್ಪಟೆಯಾಗುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಸುತ್ತಿಗೆಯ ಪೆಟ್ಟು. ಅದು ಎಲ್ಲಿ ಆಗುತ್ತದೆ? ಅನೇಕ ಸಲ ಸೈಡಿಂಗಿನಲ್ಲೇ. ತುಂಬುವಾಗ ಹ್ಯಾಂಡ್‌ಬ್ರೇಕ್ ಬಿಗಿಯುತ್ತಾರೆ, ಗಾಡಿ ಎಳೆಯುವಾಗ ಒಂದೆರಡು ವ್ಯಾಗನ್ನಿನದು ಬಿಚ್ಚಲು ಉಳಿದುಬಿಡುತ್ತದೆ. ಅದಕ್ಕೆ ನಾವು ಹೊಸ ತಂತ್ರಜ್ಞಾನ ಏನೂ ತರಲಿಲ್ಲ. ಗಾಡಿ ಹೊರಡುವ ಮುನ್ನ ಎರಡೂ ಕಡೆಯಿಂದ ಇಬ್ಬರು ನಡೆದು ಪ್ರತಿ ಹ್ಯಾಂಡ್‌ಬ್ರೇಕ್ ಚಕ್ರವನ್ನು ಕೈ ಮುಟ್ಟಿ ನೋಡಬೇಕು ಎಂದು ಸೈಡಿಂಗಿನವರ ಜೊತೆ ಒಪ್ಪಂದ ಮಾಡಿಕೊಂಡೆವು. ಅಂದು ಲೋಟ ಹಿಡಿಯಲಾಗದೆ ಕುಳಿತಿದ್ದ ಹುಡುಗ ಈಗ ಆ ಇಬ್ಬರಲ್ಲಿ ಒಬ್ಬ.

ಗಾಡಿಗಳು ಡಿಕ್ಕಿಯಾಗದಂತೆ ತಾನಾಗಿ ತಡೆಯುವ ಕವಚ್ ವ್ಯವಸ್ಥೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮ ಹಾದಿಗೆ ಅದರ ನಂಟು ಹಳೆಯದು. ಅದರ ಮೊದಲ ಪ್ರಯೋಗದ 250 ಕಿಲೋಮೀಟರ್ ಎಂದರೆ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್. ಪ್ರಯಾಣಿಕರ ಗಾಡಿಯಲ್ಲಿ ಪರೀಕ್ಷೆ ಶುರುವಾದದ್ದು 2016ರ ಫೆಬ್ರವರಿಯಲ್ಲಿ. 2020ರ ಜುಲೈಯಲ್ಲಿ ಅದನ್ನು ದೇಶದ ವ್ಯವಸ್ಥೆ ಎಂದು ಒಪ್ಪಿದರು. ಹಳಿಯ ನಡುವೆ ಸ್ಲೀಪರಿಗೆ ಸಣ್ಣ ಟ್ಯಾಗ್ ಕೂಡಿಸಿರುತ್ತಾರೆ, ಎಂಜಿನ್ ಅದನ್ನು ಓದಿ ತಾನೆಲ್ಲಿದ್ದೇನೆ ಎಂದು ತಿಳಿಯುತ್ತದೆ, ರೇಡಿಯೋದಿಂದ ಮುಂದಿನ ಸಿಗ್ನಲ್ ತಿಳಿಯುತ್ತದೆ. ಕೆಂಪು ದಾಟಲು ಹೋದರೆ ಬ್ರೇಕ್ ತಾನೇ ಬೀಳುತ್ತದೆ. ಮಂಜಿನಲ್ಲಿ, ನಿದ್ದೆಗಣ್ಣಿನ ನಾಲ್ಕು ಗಂಟೆಯಲ್ಲಿ ಐದು ಸಾವಿರ ಟನ್ ಎಳೆಯುವ ಲೋಕೋ ಪೈಲಟ್‌ಗೆ ಇದಕ್ಕಿಂತ ದೊಡ್ಡ ಜೊತೆಗಾರನಿಲ್ಲ. ನಮ್ಮ ಗ್ಯಾಂಗಿಗೂ ಹೊಸ ಪಾಠವಾಯಿತು: ಗಿಟ್ಟಿ ಕೆಲಸ ಮಾಡುವಾಗ ಟ್ಯಾಗಿಗೆ ಪೆಟ್ಟಾಗಬಾರದು, ಸ್ಲೀಪರ್ ಬದಲಿಸಿದರೆ ಸಿಗ್ನಲ್‌ನವರಿಗೆ ಹೇಳದೆ ಬದಲಿಸಬಾರದು.

ಆದರೆ ಕವಚ್ ತಾನಾಗಿ ಮುರಿದ ಹಳಿಯನ್ನು ಕಾಣುವುದಿಲ್ಲ. ಹಳೆಯ ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಹಳಿಯಲ್ಲೇ ಕರೆಂಟು ಹರಿಯುತ್ತಿತ್ತು, ಹಳಿ ಪೂರ್ತಿ ತುಂಡಾದರೆ ಎಷ್ಟೋ ಸಲ ಸಿಗ್ನಲ್ ಕೆಂಪಾಗುತ್ತಿತ್ತು. ಈಗ ಬಂದಿರುವ ಆಕ್ಸಲ್ ಕೌಂಟರ್ ಒಳಹೋದ, ಹೊರಬಂದ ಆಕ್ಸಲ್ ಎಣಿಸುತ್ತದೆ. ಮಳೆಗೆ, ಕೆಸರಿಗೆ ಅದು ಟ್ರ್ಯಾಕ್ ಸರ್ಕ್ಯೂಟಿನಷ್ಟು ಕೆಡುವುದಿಲ್ಲ, ನಮ್ಮಂಥ ಧೂಳಿನ ಯಾರ್ಡಿಗೆ ಬಹಳ ಒಳ್ಳೆಯದು. ಹಳಿ ಮುರಿದದ್ದನ್ನು ಮಾತ್ರ ಅದು ಹೇಳಲಾರದು. ಹಾಗಾಗಿ ಸಿಗ್ನಲ್ ಹೊಸದಾದಷ್ಟೂ ಅಲ್ಟ್ರಾಸಾನಿಕ್ ಪರೀಕ್ಷೆಯೂ, ನಡೆದು ನೋಡುವ ಕೀಮನ್ನೂ ಹೆಚ್ಚು ಬೇಕು. ಕೀಮನ್‌ಗಳಿಗೆ ಜಿಪಿಎಸ್ ಕೊಟ್ಟಾಗ ಕಾಕಾ ಬೇಜಾರಾಗಿದ್ದರು. “ನಾ ನಡಿಲಿಲ್ಲ ಅಂತ ಅನುಮಾನ ಏನ್ರೀ ಸಾಹೇಬ್ರ?” ಎಂದು ಕೇಳಿದರು. ನಾನು ಅದರಲ್ಲಿದ್ದ ತುರ್ತು ಗುಂಡಿ ತೋರಿಸಿದೆ. ಹಳಿ ಮುರಿದದ್ದು ಕಂಡರೆ ಸ್ಟೇಷನ್ನಿಗೆ ಸುದ್ದಿ ಮುಟ್ಟಿಸಲು ಮೂರು ಕಿಲೋಮೀಟರ್ ಓಡಬೇಕಾಗಿದ್ದ ಕಾಲವನ್ನು ಅವರು ಕಂಡವರು. ಅಂದಿನಿಂದ ಅದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳತೊಡಗಿದರು.

ಮರುವರ್ಷ ಮೃಗಶಿರಾ ಮಳೆ ಜೋರಾಗಿ ಹಿಡಿಯಿತು. ಎರಡನೇ ರಾತ್ರಿ ನಾನು ಟಾರ್ಚ್ ಹಿಡಿದು ಆ ತಿರುವಿಗೆ ಹೋದೆ. ಕಾಲುವೆಯಲ್ಲಿ ನೀರು ಸದ್ದು ಮಾಡುತ್ತಾ ಹಳ್ಳದ ಕಡೆ ಹೋಗುತ್ತಿತ್ತು. ಕಲ್ಲಿದ್ದಲು ಗಾಡಿ ಬಂತು, ಸ್ಲೀಪರಿನ ಅಂಚಿಗೆ ಬೆಳಕು ಬಿಟ್ಟು ಕುಕ್ಕರಗಾಲಿನಲ್ಲಿ ಕೂತು ನೋಡಿದೆ. 58 ವ್ಯಾಗನ್ ದಾಟಿ ಹೋದವು, ಕೆಸರು ಹಾರಲಿಲ್ಲ. ಆ ಮಳೆಗಾಲ ಅಲ್ಲಿ ಕಾಶನ್ ಹಾಕಲಿಲ್ಲ.

ನಿವೃತ್ತನಾಗುವ ದಿನ ಆ ಆರು ಅಡಿಯ ಪಟ್ಟಿಯನ್ನು ನನ್ನ ಜಾಗಕ್ಕೆ ಬಂದ ಹುಡುಗಿಯ ಕೈಗೆ ಕೊಟ್ಟೆ. ನೀಲಿ, ಕೆಂಪು ಕೂಡಿದ ಜಾಗ ಅದರಲ್ಲಿ ಇನ್ನೂ ನಾಲ್ಕು ಇದ್ದವು. ಒಂದರ ಎಸ್ಟಿಮೇಟ್ ಮಂಜೂರಾಗಿತ್ತು, ಬ್ಲಾಕ್ ಸಿಕ್ಕಿರಲಿಲ್ಲ. ಅವಳು ಮೊದಲು ಕೇಳಿದ್ದು ಒಂದೇ: “ಸರ್, ಈ ನಾಲ್ಕು ಕಡೀಗೂ ಹಳೇ ಕಾಲುವಿ ಎಲ್ಲಿತ್ತು ಅಂತ ಯಾರಿಗೆ ಗೊತ್ತದ?” ಕಾಕಾನ ಮನೆ ನಾಲವಾರದ ಹತ್ತಿರ. ಮರುದಿನ ಅವಳನ್ನು ಕರೆದುಕೊಂಡು ಹೋದೆ.